ಮೋಟಾರ್‌ಹೋಮ್‌ಗೆ ಸಿಬಿ ರೇಡಿಯೊ: ಆಂಟೆನಾ ಮೊದಲು, ಪೆಟ್ಟಿಗೆ ಆಮೇಲೆ

ದೀಪಾವಳಿಯ ರಜೆ ಹತ್ತಿರವಾಗುತ್ತಿದ್ದಂತೆ ಪುಣೆಯ ಕನ್ನಡಿಗರ ಮನೆಗಳಲ್ಲಿ ಊರ ದಾರಿಯ ಲೆಕ್ಕಾಚಾರ ಶುರುವಾಗುತ್ತದೆ. ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿ, ಧಾರವಾಡ. ಅಲ್ಲಿಂದ ದಾಂಡೇಲಿಯ ಕಾಡೋ, ಶಿರಸಿಯ ನಂಟರ ಮನೆಯೋ, ಇಲ್ಲವೇ ಚೋರ್ಲಾ ಘಾಟಿ ಇಳಿದು ಗೋವಾ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದ ಮೇಲೆ ಈ ಲೆಕ್ಕಾಚಾರಕ್ಕೆ ಮಲಗಲು, ಅಡುಗೆಗೆ ಒಳಗೇ ಜಾಗವಿರುವ ಗಾಡಿ, ಅಂದರೆ ಮೋಟಾರ್‌ಹೋಮ್ ಕೂಡ ಸೇರಿಕೊಂಡಿದೆ. ಎರಡು ಮೂರು ಕುಟುಂಬಗಳು ಒಟ್ಟಾಗಿ, ಬಾಡಿಗೆಯದ್ದೋ ಸ್ವಂತದ್ದೋ ಗಾಡಿ ಹೂಡಿಕೊಂಡು ಸಾಲಾಗಿ ಹೊರಡುತ್ತವೆ.

ಸಾಲು ಖಂಬಾಟಕಿ ಘಾಟಿನಲ್ಲೇ ಹರಿದುಹೋಗುತ್ತದೆ. ಮುಂದಿನ ಗಾಡಿಯವರು ಊಟಕ್ಕೆ ನಿಲ್ಲಿಸಿದ್ದು ಹಿಂದಿನವರಿಗೆ ತಿಳಿಯುವುದಿಲ್ಲ. ಹಿಂದಿನ ಗಾಡಿಯ ಟೈರು ಸೋರುತ್ತಿರುವುದು ಮುಂದಿನವರಿಗೆ ಗೊತ್ತಾಗುವುದಿಲ್ಲ. ಬಯಲಿನಲ್ಲಿ ಮೊಬೈಲ್ ಕೈ ಹಿಡಿಯುತ್ತದೆ, ಆದರೆ ಪಶ್ಚಿಮ ಘಟ್ಟದ ತಿರುವುಗಳಲ್ಲಿ ಸಿಗ್ನಲ್ ಬಂದು ಬಂದು ಹೋಗುತ್ತದೆ. ವಾಟ್ಸ್‌ಆ್ಯಪ್ ಸಂದೇಶ ತಲುಪುವಷ್ಟರಲ್ಲಿ ಅದರ ಅಗತ್ಯವೇ ಮುಗಿದಿರುತ್ತದೆ. ಹಾಗಾಗಿ ಗಾಡಿಯಿಂದ ಗಾಡಿಗೆ ನೇರವಾಗಿ ಮಾತನಾಡುವ ರೇಡಿಯೊದ ವಿಚಾರ ಬರುತ್ತದೆ. ಅದರ ಜೊತೆಗೇ ಕಾನೂನಿನ ಅನುಮಾನವೂ ಬರುತ್ತದೆ. ವಾಕಿಟಾಕಿಗಳ ಆನ್‌ಲೈನ್ ಮಾರಾಟದ ಕುರಿತು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿದ ಮೇಲೆ, "ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಇಟ್ಟುಕೊಳ್ಳಬಾರದು" ಎಂಬ ಪ್ರಶ್ನೆ ಇನ್ನಷ್ಟು ಜನರ ಬಾಯಲ್ಲಿದೆ.

ಈ ಲೇಖನ ಸಿಬಿ ರೇಡಿಯೊ ಕುರಿತದ್ದು. ಕೊಳ್ಳುವವರು ಸಾಮಾನ್ಯವಾಗಿ ಪೆಟ್ಟಿಗೆಯ ಬೆಲೆ, ಗುಂಡಿಗಳ ಸಂಖ್ಯೆ, ಪರದೆಯ ಬಣ್ಣ ನೋಡುತ್ತಾರೆ. ಮಾತು ಎಷ್ಟು ದೂರ ತಲುಪುತ್ತದೆ ಎಂಬುದನ್ನು ನಿಜಕ್ಕೂ ತೀರ್ಮಾನಿಸುವುದು ಆಂಟೆನಾ, ಮತ್ತು ಅದು ಕೂತಿರುವ ಲೋಹ. ಮೋಟಾರ್‌ಹೋಮ್‌ನಲ್ಲಿ ಇದು ಕಾರಿಗಿಂತ ಹೆಚ್ಚು ನಿಜ. ಯಾಕೆಂದು ಮುಂದೆ ನೋಡೋಣ.

ಸಿಬಿ ಎಂದರೇನು

ಸಿಬಿ ಎಂದರೆ ಸಿಟಿಜನ್ಸ್ ಬ್ಯಾಂಡ್. ಪರೀಕ್ಷೆ ಬರೆದು ಪರವಾನಗಿ ಪಡೆಯದ ಸಾಮಾನ್ಯ ನಾಗರಿಕರಿಗೆಂದು ಬಿಟ್ಟುಕೊಟ್ಟ ರೇಡಿಯೊ ತರಂಗಗಳ ಒಂದು ಪಟ್ಟಿ. ಇದು 27 ಮೆಗಾಹರ್ಟ್ಸ್ ಸುತ್ತಮುತ್ತ ಇದೆ. ಅಮೆರಿಕದಲ್ಲಿ 1958ರಲ್ಲಿ ಈ ಪಟ್ಟಿಯನ್ನು ಜನರಿಗೆ ತೆರೆದರು. 1973ರ ತೈಲ ಬಿಕ್ಕಟ್ಟಿನ ಕಾಲದಲ್ಲಿ, ಯಾವ ಬಂಕಿನಲ್ಲಿ ಡೀಸೆಲ್ ಸಿಗುತ್ತದೆ ಎಂದು ಲಾರಿ ಚಾಲಕರು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಬಳಸತೊಡಗಿದಾಗ ಸಿಬಿ ಮನೆಮಾತಾಯಿತು. ಜನ ಹೆಚ್ಚಾದಂತೆ 23 ಇದ್ದ ಚಾನೆಲ್‌ಗಳನ್ನು 1977ರಲ್ಲಿ 40ಕ್ಕೆ ಏರಿಸಿದರು. ಬ್ರಿಟನ್ 1981ರಲ್ಲಿ ಸಿಬಿಗೆ ಅನುಮತಿ ಕೊಟ್ಟಿತು.

ಮೊಬೈಲಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ನಡುವೆ ಗೋಪುರವಿಲ್ಲ. ನಿಮ್ಮ ಆಂಟೆನಾದಿಂದ ಹೊರಟ ತರಂಗ ನೇರವಾಗಿ ಇನ್ನೊಂದು ಗಾಡಿಯ ಆಂಟೆನಾಕ್ಕೆ ಹೋಗುತ್ತದೆ. ಸಿಮ್ ಬೇಡ, ತಿಂಗಳ ಹಣ ಬೇಡ. ಗುಂಡಿ ಒತ್ತಿದರೆ ಮಾತು, ಬಿಟ್ಟರೆ ಕೇಳುವುದು. ಒಬ್ಬರು ಮಾತನಾಡುವಾಗ ಅದೇ ಚಾನೆಲ್‌ನಲ್ಲಿರುವ ಎಲ್ಲರಿಗೂ ಕೇಳಿಸುತ್ತದೆ. ಇಲ್ಲಿ ಗುಟ್ಟಿಗೆ ಜಾಗವಿಲ್ಲ ಎಂಬುದು ನೆನಪಿರಲಿ. ಮನೆಯ ಬಾಗಿಲ ಬೀಗ, ಹಣ, ತಂಗುವ ಜಾಗದ ವಿಚಾರಗಳನ್ನು ಇದರಲ್ಲಿ ಆಡಬಾರದು.

ಅಮೆರಿಕದ ಹೆದ್ದಾರಿಗಳಲ್ಲಿ 19ನೇ ಚಾನೆಲ್ ಲಾರಿಯವರದ್ದು, 9ನೇ ಚಾನೆಲ್ ತುರ್ತು ಕರೆಗೆ ಮೀಸಲು. ನಮ್ಮ ಹೆದ್ದಾರಿಗಳಲ್ಲಿ ಅಂಥ ಬಳಕೆ ಬೆಳೆದಿಲ್ಲ. ಇಲ್ಲಿ ಸಿಬಿ ಎಂದರೆ ನಿಮ್ಮ ತಂಡದೊಳಗಿನ ಮಾತು, ಅಷ್ಟೆ. ಅಪಘಾತವಾದರೆ 112ಕ್ಕೇ ಕರೆ ಮಾಡಬೇಕು. 9ನೇ ಚಾನೆಲ್‌ನಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿರುತ್ತಾರೆ ಎಂದು ನಂಬಿ ಕೂರಬಾರದು.

ಕಾನೂನು ಏನು ಹೇಳುತ್ತದೆ

ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು, 5 ವಾಟ್ ಮಿತಿಯೊಳಗೆ, ಪರವಾನಗಿಯಿಂದ ವಿನಾಯಿತಿಗೊಳಿಸಲಾಗಿದೆ. ಯಾರಿಗೂ ಅಡಚಣೆ ಮಾಡಬಾರದು, ಬೇರೆಯವರಿಂದ ಅಡಚಣೆಯಾದರೆ ದೂರುವ ಹಕ್ಕಿಲ್ಲ ಎಂಬ ಷರತ್ತಿನೊಂದಿಗೆ. ಈ 5 ವಾಟ್ ಎಂಬುದು ಆಂಟೆನಾದಿಂದ ಹೊರಹೊಮ್ಮುವ ಬಲದ ಲೆಕ್ಕ. ಆದ್ದರಿಂದ ಬಲವನ್ನು ಹತ್ತಾರು ಪಟ್ಟು ಹೆಚ್ಚಿಸುವ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಯಾರಾದರೂ ಕೊಡಲು ಬಂದರೆ ಬೇಡವೆನ್ನಿ. ಅದು ಸೀದಾ ನಿಯಮದ ಉಲ್ಲಂಘನೆ.

ಇಲ್ಲಿ ಹಲವರು ಗಮನಿಸದ ಒಂದು ಸಂಗತಿ ಇದೆ. ಅಮೆರಿಕದ ಪಟ್ಟಿಯಲ್ಲಿ 1ನೇ ಚಾನೆಲ್ 26.965 ಮೆಗಾಹರ್ಟ್ಸ್‌ನಲ್ಲಿದೆ, 27ನೇ ಚಾನೆಲ್ 27.275ರಲ್ಲಿದೆ, 28ನೇ ಚಾನೆಲ್ 27.285ರಲ್ಲಿದೆ, 40ನೆಯದು 27.405ರಲ್ಲಿ. ನಮ್ಮ ಮಿತಿ 27.283ಕ್ಕೆ ಮುಗಿಯುತ್ತದೆ. ಅಂದರೆ 40 ಚಾನೆಲ್‌ಗಳ ಅಮೆರಿಕದ ರೇಡಿಯೊ ನಿಮ್ಮ ಕೈಯಲ್ಲಿದ್ದರೆ, 28ರಿಂದ ಮೇಲಿನ ಚಾನೆಲ್‌ಗಳಲ್ಲಿ ಗುಂಡಿ ಒತ್ತಿದ ಕ್ಷಣವೇ ನೀವು ವಿನಾಯಿತಿಯ ಗೆರೆ ದಾಟುತ್ತೀರಿ. ಬ್ರಿಟನ್ನಿನ ಹಳೆಯ 40 ಚಾನೆಲ್‌ಗಳಂತೂ 27.6 ಮೆಗಾಹರ್ಟ್ಸ್‌ನಿಂದಲೇ ಶುರುವಾಗುತ್ತವೆ; ಅವು ಪೂರ್ತಿಯಾಗಿ ನಮ್ಮ ಪಟ್ಟಿಯ ಹೊರಗೆ. ಹಲವು ದೇಶಗಳ ಪಟ್ಟಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿರುವ ಯುರೋಪಿನ ರೇಡಿಯೊಗಳಲ್ಲಿ ಯಾವ ದೇಶದ ಸಂಕೇತ ಆರಿಸಿದೆ ಎಂದು ನೋಡದೆ ಮಾತನಾಡಬಾರದು.

ಪರವಾನಗಿ ಬೇಡ ಎಂದರೆ ಏನನ್ನಾದರೂ ತರಿಸಿಕೊಳ್ಳಬಹುದು ಎಂದರ್ಥವಲ್ಲ. ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ, ಅಂದರೆ ಡಬ್ಲ್ಯುಪಿಸಿ, ಕೊಡುವ ಇಟಿಎ ಎಂಬ ಮಾದರಿ ಅನುಮೋದನೆ ಇರಬೇಕು. ಕೊಳ್ಳುವಾಗ ಮಾರಾಟಗಾರರಿಂದ ಆ ಪ್ರಮಾಣಪತ್ರದ ಪ್ರತಿ ಕೇಳಿ. ಅದರಲ್ಲಿನ ಮಾದರಿ ಸಂಖ್ಯೆಯೂ ಪೆಟ್ಟಿಗೆಯ ಮೇಲಿನ ಸಂಖ್ಯೆಯೂ ಒಂದೇ ಇರಬೇಕು. ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸುವ ಯೋಚನೆ ಬೇಡ. ಹೊರಗಿನ ಆಂಟೆನಾ ಹಾಕುವ ಮುನ್ನ ವಿನಾಯಿತಿ ನಿಯಮದಲ್ಲಿ ಆಂಟೆನಾಕ್ಕೆ ಸಂಬಂಧಿಸಿದ ಷರತ್ತನ್ನು ಓದಿ, ನಿಮ್ಮ ಉಪಕರಣದ ಇಟಿಎ ಅದಕ್ಕೆ ಹೊಂದುತ್ತದೆಯೇ ಎಂದು ಇಲಾಖೆಯಲ್ಲಿ ಬರೆದು ಕೇಳುವುದು ಒಳ್ಳೆಯದು. ಗಾಡಿಗೆ ರಂಧ್ರ ಕೊರೆಯುವುದು ಅದರ ಉತ್ತರ ಬಂದ ಮೇಲೆ.

ಇಷ್ಟೆಲ್ಲ ತಾಪತ್ರಯ ಬೇಡ, ಎರಡೇ ಗಾಡಿ, ಹತ್ತಿರ ಹತ್ತಿರವೇ ಓಡಿಸುತ್ತೇವೆ ಎನ್ನುವವರಿಗೆ ಇನ್ನೊಂದು ದಾರಿಯಿದೆ. 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಕಡಿಮೆ ಬಲದ ಕೈ ವಾಕಿಟಾಕಿಗಳಿಗೂ ಪರವಾನಗಿ ಬೇಡ, ಮಾದರಿ ಅನುಮೋದನೆ ಮಾತ್ರ ಬೇಕು. ಅವನ್ನು ಅಳವಡಿಸುವ ಕೆಲಸವೇ ಇಲ್ಲ. ದೂರ ಕಡಿಮೆ, ಅದರಲ್ಲೂ ಗಾಡಿಯೊಳಗೆ ಕೂತು ಮಾತನಾಡಿದರೆ ಇನ್ನೂ ಕಡಿಮೆ. ಆದರೆ ಕ್ಯಾಂಪಿನಲ್ಲಿ ಮಕ್ಕಳು ಹೊಳೆಯ ಕಡೆ ಹೋದಾಗ, ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಅವೇ ಅನುಕೂಲ.

ಎಷ್ಟು ದೂರ ಕೇಳಿಸುತ್ತದೆ

ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಗಾಡಿಯಿಂದ ಗಾಡಿಗೆ ಬಯಲಿನಲ್ಲಿ ಐದಾರು ಕಿಲೋಮೀಟರ್ ಸಿಕ್ಕರೆ ಅಳವಡಿಕೆ ಚೆನ್ನಾಗಿದೆ ಎಂದೇ ಲೆಕ್ಕ. ಸಾತಾರಾ ದಾಟಿದ ಮೇಲಿನ ತೆರೆದ ಹೆದ್ದಾರಿಯಲ್ಲಿ ಅದಕ್ಕಿಂತ ಹೆಚ್ಚೂ ಸಿಗಬಹುದು. ಘಟ್ಟದ ತಿರುವಿನಲ್ಲಿ, ನಡುವೆ ಇಡೀ ಗುಡ್ಡವೇ ನಿಂತಾಗ, ಒಂದೆರಡು ಕಿಲೋಮೀಟರಿಗೆ ಇಳಿಯುತ್ತದೆ. ಮುಂಬೈಯಂಥ ನಗರದೊಳಗೆ ಕಟ್ಟಡಗಳ ಜೊತೆಗೆ ವಿದ್ಯುತ್ ಗದ್ದಲವೂ ಸೇರಿ ಇನ್ನಷ್ಟು ಕುಗ್ಗುತ್ತದೆ.

ಇದಕ್ಕೆ ವಿರುದ್ಧವಾದ ವಿಚಿತ್ರವೂ ಉಂಟು. 27 ಮೆಗಾಹರ್ಟ್ಸ್ ತರಂಗಗಳನ್ನು ಕೆಲವು ಸಮಯದಲ್ಲಿ ವಾತಾವರಣದ ಮೇಲಿನ ಅಯಾನುಗೋಳ ಕೆಳಕ್ಕೆ ಬಾಗಿಸಿ ಕಳುಹಿಸುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ ಇದು ಹೆಚ್ಚು. ಆಗ ಪಕ್ಕದ ಗಾಡಿಯ ಮಾತಿನ ಮೇಲೆ ಸಾವಿರಾರು ಕಿಲೋಮೀಟರ್ ಆಚೆಯ ಯಾವುದೋ ಭಾಷೆಯ ಮಾತು ತೇಲಿ ಬರಬಹುದು. ರೇಡಿಯೊ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಚಾನೆಲ್ ಬದಲಿಸಿದರೆ ಸಾಕು.

ಪೆಟ್ಟಿಗೆಯ ಆಯ್ಕೆ

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬಲದ ಮಿತಿ ಎಲ್ಲರಿಗೂ ಒಂದೇ ಆದ್ದರಿಂದ ದುಬಾರಿ ಪೆಟ್ಟಿಗೆ ಹೆಚ್ಚು ದೂರ ಮಾತನಾಡುವುದಿಲ್ಲ. ನೋಡಬೇಕಾದವು ಕೆಲವೇ. ಸ್ಕ್ವೆಲ್ಚ್ ಎಂಬ ತಿರುಗಣೆ: ಮಾತು ಬಾರದಿರುವಾಗ ಗೊರಗೊರ ಸದ್ದನ್ನು ಮುಚ್ಚಿಡುವುದು ಇದರ ಕೆಲಸ. ಇಂಜಿನ್ ಸದ್ದನ್ನು ತಗ್ಗಿಸುವ ಶೋಧಕ ಇರಬೇಕು. ಎಲ್ಲ ಗುಂಡಿಗಳೂ ಮೈಕಿನಲ್ಲೇ ಇರುವ ಮಾದರಿ ಸಿಕ್ಕರೆ ಪೆಟ್ಟಿಗೆಯನ್ನು ಸೀಟಿನ ಕೆಳಗೆ ಅಡಗಿಸಿಡಬಹುದು. ಡ್ಯಾಶ್‌ಬೋರ್ಡಿನಲ್ಲಿ ಜಾಗ ಕಡಿಮೆಯಿರುವ ನಮ್ಮ ಗಾಡಿಗಳಿಗೆ ಅದು ಹೇಳಿ ಮಾಡಿಸಿದ್ದು. ಅಮೆರಿಕದ ಮಾದರಿಗಳಲ್ಲಿ ಹವಾಮಾನ ವರದಿಯ ಚಾನೆಲ್ ಇದೆಯೆಂದು ಹೆಚ್ಚು ಹಣ ಕೊಡಬೇಡಿ, ಆ ಪ್ರಸಾರ ಇಲ್ಲಿಲ್ಲ.

ಎಎಂ, ಎಫ್‌ಎಂ, ಎಸ್‌ಎಸ್‌ಬಿ ಎಂಬ ಮೂರು ವಿಧಾನಗಳಲ್ಲಿ ಮಾತು ಕಳುಹಿಸುವ ರೇಡಿಯೊಗಳಿವೆ. ಎಎಂನಲ್ಲಿ ಆಡಿದ್ದು ಎಫ್‌ಎಂನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ತಂಡದ ಎಲ್ಲರೂ ಒಂದೇ ವಿಧಾನಕ್ಕೆ ಒಪ್ಪಿಕೊಳ್ಳಬೇಕು, ಮತ್ತು ಕೊಳ್ಳುವ ಮುನ್ನವೇ ಒಪ್ಪಿಕೊಳ್ಳಬೇಕು.

ಆಂಟೆನಾ ಯಾಕೆ ಅಷ್ಟು ಉದ್ದ

ರೇಡಿಯೊ ತರಂಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. 27 ಮೆಗಾಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ ಎರಡು ಕೋಟಿ ಎಪ್ಪತ್ತು ಲಕ್ಷ ಸಲ ಏರಿಳಿಯುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಂದು ಏರಿಳಿತದ ಉದ್ದ ಸುಮಾರು 11 ಮೀಟರ್. ಗಾಡಿಯ ಆಂಟೆನಾ ಚೆನ್ನಾಗಿ ಕೆಲಸ ಮಾಡಲು ಅದರ ಕಾಲು ಭಾಗ ಬೇಕು: ಸುಮಾರು 2.75 ಮೀಟರ್. ಮೊಬೈಲಿನ ಆಂಟೆನಾ ಬೆರಳಿಗಿಂತ ಚಿಕ್ಕದಿರುವುದು ಅದರ ತರಂಗ ಅಷ್ಟು ಗಿಡ್ಡವಾಗಿರುವುದರಿಂದ.

ಮೂರು ಮೀಟರ್ ಎತ್ತರದ ಮೋಟಾರ್‌ಹೋಮ್‌ನ ನೆತ್ತಿಯ ಮೇಲೆ ಇನ್ನೂ ಎರಡೂಮುಕ್ಕಾಲು ಮೀಟರ್ ಕಡ್ಡಿ ನೆಟ್ಟರೆ ಏನಾಗುತ್ತದೆ? ರೈಲ್ವೆ ಗೇಟಿನ ಮುಂದಿನ ಎತ್ತರ ಮಿತಿಯ ಕಮಾನಿಗೆ, ಆಲದ ಕೊಂಬೆಗೆ, ಟೋಲ್ ಚಾವಣಿಗೆ ಬಡಿಯುತ್ತದೆ. ಅದಕ್ಕಿಂತ ಭಯಂಕರವೆಂದರೆ ವಿದ್ಯುತ್ ತಂತಿ. ಹಳ್ಳಿಯ ಒಳದಾರಿಗಳಲ್ಲಿ ಜೋತುಬಿದ್ದ ತಂತಿಗೆ ಆಂಟೆನಾ ತಾಗಿದರೆ ಗಾಡಿಯಲ್ಲಿದ್ದವರ ಜೀವಕ್ಕೇ ಸಂಚಕಾರ. ಆದ್ದರಿಂದ ಗಿಡ್ಡ ಆಂಟೆನಾ ಬೇಕು.

ಕಡ್ಡಿಯನ್ನು ಗಿಡ್ಡ ಮಾಡಿ, ಕಡಿಮೆಯಾದ ಉದ್ದಕ್ಕೆ ಬದಲಾಗಿ ತಾಮ್ರದ ಸುರುಳಿ ಸುತ್ತುತ್ತಾರೆ. ಸುರುಳಿ ಬುಡದಲ್ಲಿರಬಹುದು, ನಡುವೆ ಇರಬಹುದು, ತುದಿಯಲ್ಲಿರಬಹುದು. ಮೇಲಿದ್ದಷ್ಟೂ ಒಳ್ಳೆಯದು, ಆದರೆ ಭಾರ ಮೇಲಿದ್ದರೆ ಗಾಳಿಗೆ ಓಲಾಡುತ್ತದೆ. ಸುಮಾರು ಒಂದರಿಂದ ಒಂದೂಕಾಲು ಮೀಟರ್ ಉದ್ದದ, ಬುಡದಲ್ಲಿ ಸ್ಪ್ರಿಂಗ್ ಅಥವಾ ಮಡಚುವ ಕೀಲು ಇರುವ ಕಡ್ಡಿ ನಮ್ಮ ರಸ್ತೆಗಳಿಗೆ ತಕ್ಕ ರಾಜಿ. ಗೇಣುದ್ದದ ಚಂದದ ಆಂಟೆನಾಗಳು ಅಂಗಡಿಯಲ್ಲಿ ಕಣ್ಣು ಸೆಳೆಯುತ್ತವೆ. ಅವುಗಳಿಂದ ನಿಲುಗಡೆ ಜಾಗದ ಆಚೆಗೆ ಮಾತು ಹೋಗುವುದು ಕಷ್ಟ.

ಫೈಬರ್ ಮೈಯ ತೊಂದರೆ

ಮೋಟಾರ್‌ಹೋಮ್‌ನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಆಂಟೆನಾ ಎಂದರೆ ಮೇಲೆ ಕಾಣುವ ಕಡ್ಡಿ ಮಾತ್ರವಲ್ಲ, ಅದು ಅರ್ಧ ಮಾತ್ರ. ಉಳಿದರ್ಧ ಅದರ ಬುಡದಲ್ಲಿ ಹರಡಿರುವ ಲೋಹ. ತಂಬೂರಿಯನ್ನು ನೆನೆಯಿರಿ: ಮೀಟುವುದು ತಂತಿಯನ್ನೇ ಆದರೂ ನಾದ ಕೋಣೆ ತುಂಬುವುದು ಕೆಳಗಿನ ಬುರುಡೆಯಿಂದ. ಬುರುಡೆಯಿಲ್ಲದ ತಂತಿ ನಿಮ್ಮ ಕಿವಿಗೂ ಸರಿಯಾಗಿ ತಲುಪುವುದಿಲ್ಲ. ಕಾರಿನ ಉಕ್ಕಿನ ಚಾವಣಿ ಸಿಬಿ ಆಂಟೆನಾಕ್ಕೆ ಬುರುಡೆಯಾಗಿ ಒದಗುತ್ತದೆ. ಇದಕ್ಕೆ ಗ್ರೌಂಡ್ ಪ್ಲೇನ್ ಎನ್ನುತ್ತಾರೆ.

ಮೋಟಾರ್‌ಹೋಮ್‌ನ ಮೈ ಹಲವು ಸಲ ಫೈಬರ್‌ಗ್ಲಾಸ್. ಚಾವಣಿಯೂ ಅದೇ. ಅಲ್ಲಿ ಆಂಟೆನಾ ನೆಟ್ಟರೆ ಕೆಳಗೆ ಲೋಹವೇ ಇಲ್ಲ. ಎಷ್ಟು ಒಳ್ಳೆಯ ರೇಡಿಯೊ ಕೊಂಡರೂ ಅದರ ಬಲದ ಬಹುಪಾಲು ಹೊರಗೆ ಹೋಗದೆ ಕೇಬಲಿನಲ್ಲೇ ಹಿಂದಿರುಗುತ್ತದೆ.

ನಿಮ್ಮ ಗಾಡಿ ಯಾವುದರಿಂದ ಆಗಿದೆ ಎಂದು ತಿಳಿಯಲು ಫ್ರಿಜ್ಜಿನ ಬಾಗಿಲ ಮೇಲಿನ ಆಯಸ್ಕಾಂತದ ಗೊಂಬೆಯೊಂದು ಸಾಕು. ಚಾವಣಿ, ಪಕ್ಕದ ಗೋಡೆ, ಹಿಂಬದಿಯ ಏಣಿ, ಬಾನೆಟ್ಟು ಎಲ್ಲಕ್ಕೂ ಹಿಡಿದು ನೋಡಿ. ಅಂಟಿಕೊಂಡರೆ ಉಕ್ಕು. ಪುಣೆಯ ಆಸುಪಾಸಿನಲ್ಲಿ ಟ್ರಾವೆಲರ್ ವ್ಯಾನಿನ ಉಕ್ಕಿನ ಮೈಯನ್ನು ಹಾಗೇ ಉಳಿಸಿಕೊಂಡು ಒಳಗೆ ಮಂಚ, ಅಡುಗೆಕಟ್ಟೆ ಕೂರಿಸಿದ ಗಾಡಿಗಳಿವೆ, ಅಂಥವರು ಅದೃಷ್ಟವಂತರು. ಅಂಟದಿದ್ದರೆ ಅದು ಫೈಬರ್ ಇರಬಹುದು, ಅಲ್ಯೂಮಿನಿಯಂ ಕೂಡ ಇರಬಹುದು. ಅಲ್ಯೂಮಿನಿಯಂ ಆದರೆ ಗ್ರೌಂಡ್ ಪ್ಲೇನ್ ಆಗಬಲ್ಲದು, ಆದರೆ ಆಯಸ್ಕಾಂತದ ಬುಡದ ಆಂಟೆನಾ ಅದರ ಮೇಲೆ ನಿಲ್ಲುವುದಿಲ್ಲ.

ಫೈಬರ್ ಮೈಗೆ ಮೂರು ದಾರಿಗಳಿವೆ. ಮೊದಲನೆಯದು, ಗಾಡಿಯಲ್ಲಿ ಲೋಹ ಇರುವ ಕಡೆಗೇ ಆಂಟೆನಾವನ್ನು ಒಯ್ಯುವುದು: ಮುಂಬದಿಯ ಬಂಪರ್, ಕನ್ನಡಿಯ ಉಕ್ಕಿನ ತೋಳು, ಹಿಂಬದಿಯ ಏಣಿ. ಆದರೆ ಲೋಹ ಇದ್ದ ಮಾತ್ರಕ್ಕೆ ಆಗಲಿಲ್ಲ, ಅದು ಚಾಸಿಗೆ ವಿದ್ಯುತ್ ಸಂಪರ್ಕ ಹೊಂದಿರಬೇಕು. ಫೈಬರ್ ಗೋಡೆಗೆ ರಬ್ಬರ್ ಬಿಲ್ಲೆಗಳ ಮೇಲೆ ಕೂರಿಸಿದ ಅಲ್ಯೂಮಿನಿಯಂ ಏಣಿ ನೋಡಲು ಲೋಹ, ಲೆಕ್ಕಕ್ಕೆ ಗಾಳಿಯಲ್ಲಿ ತೇಲುವ ತುಂಡು. ಅದರಿಂದ ಚಾಸಿಗೆ ಅಗಲವಾದ ಹೆಣೆದ ತಾಮ್ರದ ಪಟ್ಟಿಯನ್ನು, ಸಾಧ್ಯವಾದಷ್ಟು ಗಿಡ್ಡದಾಗಿ, ಬೋಲ್ಟ್ ಹಾಕಿ ಬಿಗಿಯಬೇಕು.

ಎರಡನೆಯದು, ಗ್ರೌಂಡ್ ಪ್ಲೇನ್ ಬೇಡದ ಆಂಟೆನಾ. ಇದು ಆಂಟೆನಾ, ಬುಡ, ಕೇಬಲ್ ಮೂರೂ ಸೇರಿದ ಜೋಡಣೆಯಾಗಿ ಬರುತ್ತದೆ. ಇದರಲ್ಲಿ ಕೇಬಲಿನ ಹೊರ ಜಾಲರಿಯೇ ಕಾಣೆಯಾದ ಅರ್ಧದ ಕೆಲಸ ಮಾಡುತ್ತದೆ. ಹಾಗಾಗಿ ಅದರ ಕೇಬಲನ್ನು ಉದ್ದವಾಯಿತೆಂದು ಕತ್ತರಿಸಬಾರದು, ಬೇರೆ ಕೇಬಲಿನಿಂದ ಬದಲಿಸಲೂ ಬಾರದು. ಉಳಿದ ಉದ್ದವನ್ನು ಬಿಗಿಯಾಗಿ ಸುತ್ತದೆ, ಸಡಿಲವಾದ ದೊಡ್ಡ ಬಳೆಯಂತೆ ಚಾವಣಿಯ ಒಳಗೆ ಹರಡಬೇಕು. ಪೂರ್ತಿ ಫೈಬರ್ ಗಾಡಿಯನ್ನು ಈಗಾಗಲೇ ಕೊಂಡವರಿಗೆ ನಾನು ಹೇಳುವುದು ಇದನ್ನೇ.

ಮೂರನೆಯದು ಇನ್ನೂ ಕಟ್ಟಿಸುತ್ತಿರುವವರಿಗೆ. ಒಳಚಾವಣಿಯ ಹಲಗೆ ಮುಚ್ಚುವ ಮುನ್ನ ಫೈಬರಿನ ಕೆಳಮೈಗೆ ತೆಳುವಾದ ಅಲ್ಯೂಮಿನಿಯಂ ಹಾಳೆ ಹಾಸಿಸಿ, ಅದನ್ನು ಆಂಟೆನಾದ ಬುಡಕ್ಕೂ ಚಾಸಿಗೂ ಜೋಡಿಸಿ. ಎಷ್ಟು ಅಗಲವಾದರೆ ಅಷ್ಟು ಒಳ್ಳೆಯದು. ಹಲಗೆ ಮುಚ್ಚಿದ ಮೇಲೆ ಈ ಕೆಲಸಕ್ಕೆ ಇಡೀ ಚಾವಣಿ ಬಿಚ್ಚಬೇಕಾಗುತ್ತದೆ. ಭೋಸರಿಯ ಬಾಡಿ ಕಟ್ಟುವವರ ಶೆಡ್ಡಿಗೆ ಹೋದಾಗ ಪರದೆಯ ಬಣ್ಣದ ಮಾತಿಗಿಂತ ಮೊದಲು ಈ ಮಾತು ಆಡಿ.

ಕೂರಿಸುವ ಜಾಗ

ಕಡ್ಡಿಯ ಹೆಚ್ಚಿನ ಭಾಗ, ಅದರಲ್ಲೂ ಸುರುಳಿ, ಗಾಡಿಯ ನೆತ್ತಿಗಿಂತ ಮೇಲಿರಬೇಕು. ಕೆಳಗೆ ಬಂಪರಿನಲ್ಲಿ ನೆಟ್ಟು, ಕಡ್ಡಿ ಪೂರ್ತಿ ಗಾಡಿಯ ಮೈಗೆ ಆತುಕೊಂಡಿದ್ದರೆ ಒಂದು ಕಡೆಯ ಮಾತು ಮುಚ್ಚಿಹೋಗುತ್ತದೆ. ಆಂಟೆನಾ ಎಲ್ಲಿದೆಯೋ ಅಲ್ಲಿಂದ ಗಾಡಿಯ ಲೋಹ ಯಾವ ಕಡೆಗೆ ಹೆಚ್ಚು ಹರಡಿದೆಯೋ ಆ ದಿಕ್ಕಿಗೆ ಮಾತು ಹೆಚ್ಚು ಹೋಗುತ್ತದೆ. ಹಿಂಬದಿಯ ಎಡಮೂಲೆಯಲ್ಲಿದ್ದರೆ ಮುಂದಿನ ಬಲಕ್ಕೆ ಜೋರು. ಯಾವಾಗಲೂ ಸಾಲಿನ ಕೊನೆಯಲ್ಲೇ ಓಡಿಸುವವರಿಗೆ ಹಿಂಬದಿಯ ಆಂಟೆನಾ ಇದರಿಂದ ಅನುಕೂಲವೇ.

ಚಾವಣಿಯಲ್ಲಿ ಈಗಾಗಲೇ ಎಸಿ, ಸೌರಫಲಕ, ಗಾಳಿಕಿಂಡಿ ಇರುತ್ತವೆ. ಅವುಗಳಿಂದ ಆದಷ್ಟು ದೂರ ಇಡಿ. ಎರಡು ಕನ್ನಡಿಗಳಿಗೂ ಒಂದೊಂದು ಆಂಟೆನಾ ಹಾಕುವ ಅಮೆರಿಕದ ಲಾರಿಗಳ ಚಿತ್ರ ನೋಡಿ ಆಸೆಪಡಬೇಡಿ. ಎರಡರ ನಡುವೆ ಸುಮಾರು ಎರಡೂಮುಕ್ಕಾಲು ಮೀಟರ್ ಅಂತರವಿಲ್ಲದಿದ್ದರೆ ಅದರಿಂದ ಸಿಗುವುದು ಚೆಲುವು ಮಾತ್ರ, ನಮ್ಮ ಗಾಡಿಗಳು ಅಷ್ಟು ಅಗಲವಿರುವುದಿಲ್ಲ.

ಬುಡದ ಬೋಲ್ಟ್ ಕೂರುವ ಜಾಗವನ್ನು ಹತ್ತಿರದಿಂದ ನೋಡಿ. ಬ್ರಾಕೆಟ್ಟಿನ ಕೆಳಗೆ ಬಣ್ಣ ಇದ್ದರೆ ಅದು ಕಾಗದದಷ್ಟು ತೆಳುವಾಗಿದ್ದರೂ ವಿದ್ಯುತ್ತನ್ನು ತಡೆಯುತ್ತದೆ. ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಉಪ್ಪುಕಾಗದದಿಂದ ಉಜ್ಜಿ, ಲೋಹ ಬೆಳ್ಳಗೆ ಹೊಳೆಯುವವರೆಗೆ ಬಣ್ಣ ತೆಗೆಯಬೇಕು. ಹಲ್ಲಿನ ವಾಷರ್ ಹಾಕಿ ಬಿಗಿಯಬೇಕು. ಬಿಗಿದ ಮೇಲೆ ಸುತ್ತ ಗ್ರೀಸ್ ಸವರಿ ನೀರು ಹೋಗದಂತೆ ಮುಚ್ಚಬೇಕು. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ರಾಕೆಟ್ಟಿಗೂ ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೂ ಹಿಡಿಯಿರಿ. ತಡೆ ಸೊನ್ನೆಯ ಹತ್ತಿರ ಬರಬೇಕು.

ಕೇಬಲ್ ಮತ್ತು ಕೊಂಕಣದ ಮಳೆ

ರೇಡಿಯೊದಿಂದ ಆಂಟೆನಾಕ್ಕೆ ಹೋಗುವುದು 50 ಓಮ್‌ನ ಕೋಆಕ್ಸಿಯಲ್ ಕೇಬಲ್. ಆರ್‌ಜಿ-58 ತೆಳುವಾದದ್ದು, ಬಾಗಿಸಲು ಸುಲಭ. ಆರ್‌ಜಿ-8ಎಕ್ಸ್ ಸ್ವಲ್ಪ ದಪ್ಪ, ನಷ್ಟ ಕಡಿಮೆ. ಮೋಟಾರ್‌ಹೋಮ್‌ನ ಉದ್ದಕ್ಕೆ ಎರಡನೆಯದು ಮೇಲು. ಮನೆಯ ಡಿಶ್ ಟಿವಿಗೆ ಬಳಸುವ ಕೇಬಲ್ ನೋಡಲು ಹಾಗೇ ಇದ್ದರೂ ಅದು 75 ಓಮ್, ಇಲ್ಲಿಗೆ ಹೊಂದುವುದಿಲ್ಲ. ತುದಿಗೆ ಹಾಕುವ ತಿರುಪಿನ ಪ್ಲಗ್ಗಿಗೆ ಪಿಎಲ್-259 ಎನ್ನುತ್ತಾರೆ. ಪುಣೆಯವರಿಗೆ ಇವೆಲ್ಲ ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಗಲ್ಲಿಗಳಲ್ಲಿ, ಮುಂಬೈಯವರಿಗೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹುಡುಕಲು ಸಿಗುವ ಸಾಮಾನು. ಗೋವಾದವರು ಹೊರಡುವ ಮುನ್ನವೇ ಒಂದು ಹೆಚ್ಚುವರಿ ಪ್ಲಗ್ ಇಟ್ಟುಕೊಳ್ಳುವುದು ಜಾಣತನ.

ಕೇಬಲಿನ ವೈರಿ ನೀರು. ಒಂದು ಮಳೆಗಾಲ ಕಳೆದ, ಮುಚ್ಚದೆ ಬಿಟ್ಟ ಪ್ಲಗ್ಗನ್ನು ಬಿಚ್ಚಿ ನೋಡಿದರೆ ತಿಳಿಯುತ್ತದೆ: ಹೊಳೆಯುತ್ತಿದ್ದ ತಾಮ್ರದ ಜಾಲರಿ ಕಪ್ಪಾಗಿ, ಅಂಚಿನಲ್ಲಿ ಹಸಿರು ಪುಡಿ ಕಟ್ಟಿರುತ್ತದೆ, ಬೆರಳಿನಿಂದ ತಿಕ್ಕಿದರೆ ಎಳೆಗಳು ಮುರಿದು ಬೀಳುತ್ತವೆ. ಕಪ್ಪು ಮೇಲೆ ಮೇಲೆ ಹರಡುತ್ತಾ ಕೇಬಲಿನೊಳಗೆ ಗೇಣುದ್ದ ಹೋಗಿರುತ್ತದೆ. ಅಷ್ಟನ್ನೂ ಕತ್ತರಿಸಿ ಬಿಸಾಡುವುದೇ ಗತಿ. ಕಡಲತೀರದಲ್ಲಿ ನಿಲ್ಲಿಸುವ ಗಾಡಿಗೆ ಉಪ್ಪುಗಾಳಿಯೂ ಸೇರಿ ಇದು ಇನ್ನೂ ಬೇಗ ಆಗುತ್ತದೆ. ಆದ್ದರಿಂದ ಪ್ಲಗ್ಗಿಗೆ ಮೊದಲು ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಸಾಮಾನ್ಯ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವ ಹಾಗೆ ಸುತ್ತಬೇಕು. ಕೇಬಲ್ ಗಾಡಿಯೊಳಗೆ ಹೋಗುವ ಮುನ್ನ ಒಂದು ಜೋತು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹರಿಯುವುದಿಲ್ಲ. ಬಾಗಿಲ ಸಂದಿನಲ್ಲಿ ಕೇಬಲ್ ನುಗ್ಗಿಸಿದರೆ ನಾಲ್ಕು ಸಲ ಬಾಗಿಲು ಹಾಕಿದ ಮೇಲೆ ಒಳಗಿನ ತಂತಿ ಜಜ್ಜಿಹೋಗುತ್ತದೆ.

ವಿದ್ಯುತ್ ಎಲ್ಲಿಂದ

ಮೊದಲು ಗಾಡಿ 12 ವೋಲ್ಟಿನದೋ 24 ವೋಲ್ಟಿನದೋ ನೋಡಿ. ಸಣ್ಣ ವ್ಯಾನುಗಳು 12. ದೊಡ್ಡ ಬಸ್ಸಿನ ಚಾಸಿಯ ಮೇಲೆ ಕಟ್ಟಿದವು 24. ಸಿಬಿ ಪೆಟ್ಟಿಗೆಗಳು ಹೆಚ್ಚಾಗಿ 12 ವೋಲ್ಟಿಗೆ ಮಾಡಿದವು. 24ಕ್ಕೆ ನೇರ ಜೋಡಿಸಿದರೆ ಸುಟ್ಟೇಹೋಗುತ್ತವೆ. ಅಲ್ಲಿ 24ರಿಂದ 12ಕ್ಕೆ ಇಳಿಸುವ ಪರಿವರ್ತಕ ಬೇಕು.

ಮೋಟಾರ್‌ಹೋಮ್‌ನಲ್ಲಿ ಎರಡು ಬ್ಯಾಟರಿ ಇರುತ್ತವೆ: ಇಂಜಿನ್ ಚಾಲೂ ಮಾಡಲು ಒಂದು, ದೀಪ ಫ್ಯಾನುಗಳಿಗೆ ಮನೆಯ ಬ್ಯಾಟರಿ ಇನ್ನೊಂದು. ರೇಡಿಯೊ ಕೇಳುವಾಗ ಅರ್ಧ ಆಂಪಿಯರ್ ಆಸುಪಾಸು, ಮಾತನಾಡುವಾಗ ಒಂದೆರಡು ಆಂಪಿಯರ್ ಎಳೆಯುತ್ತದೆ. ಕ್ಯಾಂಪಿನಲ್ಲಿ ಇರುಳೆಲ್ಲ ಹಾಕಿಟ್ಟು ಮರೆತರೂ ಬೆಳಿಗ್ಗೆ ಇಂಜಿನ್ ಚಾಲೂ ಆಗಬೇಕೆಂದರೆ ಮನೆಯ ಬ್ಯಾಟರಿಗೆ ಜೋಡಿಸುವುದೇ ಸರಿ. ಧನ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ, ಕೈಪಿಡಿಯಲ್ಲಿ ಹೇಳಿದಷ್ಟೇ ಆಂಪಿಯರಿನ ಫ್ಯೂಸ್ ಇರಲಿ. ಫ್ಯೂಸ್ ರೇಡಿಯೊದ ಬಳಿ ಮಾತ್ರ ಇದ್ದರೆ ನಡುವಿನ ತಂತಿ ಎಲ್ಲೋ ಉಜ್ಜಿ ಚಾಸಿಗೆ ತಾಗಿದಾಗ ಕಾಯುವವರು ಯಾರೂ ಇಲ್ಲ. ಗ್ಯಾಸ್ ಸಿಲಿಂಡರ್ ಇಡುವ ಗೂಡಿನೊಳಗಿಂದ ತಂತಿ ಎಳೆಯಲೇಬೇಡಿ.

ಮೀಟರ್ ನೋಡಿ ಹೊಂದಿಸುವುದು

ಎಲ್ಲ ಜೋಡಿಸಿದ ಮೇಲೂ ಗುಂಡಿ ಒತ್ತುವ ಆತುರ ಬೇಡ. ಆಂಟೆನಾ ಇಲ್ಲದೆ ಅಥವಾ ಹೊಂದಿಸದ ಆಂಟೆನಾದಲ್ಲಿ ಮಾತನಾಡಿದರೆ ಹೊರಹೋಗದ ಬಲ ಹಿಂದಿರುಗಿ ರೇಡಿಯೊದ ಕೊನೆಯ ಟ್ರಾನ್ಸಿಸ್ಟರನ್ನು ಸುಡಬಲ್ಲದು. ಎಷ್ಟು ಹಿಂದಿರುಗುತ್ತಿದೆ ಎಂದು ತೋರಿಸುವುದೇ ಎಸ್‌ಡಬ್ಲ್ಯುಆರ್ ಮೀಟರ್. 1 ಎಂದರೆ ಏನೂ ಹಿಂದಿರುಗುತ್ತಿಲ್ಲ. 1.5ಕ್ಕೆ ನೂರರಲ್ಲಿ ನಾಲ್ಕು ಪಾಲು, 2ಕ್ಕೆ ಹನ್ನೊಂದು, 3ಕ್ಕೆ ಇಪ್ಪತ್ತೈದು ಪಾಲು ವಾಪಸು. 1.5ರೊಳಗೆ ಚೆನ್ನ, 2ರವರೆಗೆ ನಡೆಯುತ್ತದೆ, 3 ದಾಟಿದರೆ ಮಾತನಾಡಕೂಡದು.

ಗಾಡಿಯನ್ನು ಬಯಲಿಗೆ ಒಯ್ಯಿರಿ. ಸೊಸೈಟಿಯ ನೆಲಮಾಳಿಗೆಯಲ್ಲಿ, ತಗಡಿನ ಶೆಡ್ಡಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಬಾಗಿಲು, ಬಾನೆಟ್ಟು ಮುಚ್ಚಿರಲಿ. ಮೀಟರನ್ನು ರೇಡಿಯೊಕ್ಕೂ ಕೇಬಲಿಗೂ ನಡುವೆ ಗಿಡ್ಡ ತುಂಡಿನಿಂದ ಜೋಡಿಸಿ, ಮುಳ್ಳನ್ನು ಹೊಂದಿಸಿ, 1, 14 ಮತ್ತು 27ನೇ ಚಾನೆಲ್‌ಗಳಲ್ಲಿ ಒಂದೊಂದು ಕ್ಷಣ ಗುಂಡಿ ಒತ್ತಿ ಅಂಕ ಬರೆದುಕೊಳ್ಳಿ. ಎಲ್ಲರೂ 40ನೇ ಚಾನೆಲ್‌ನಲ್ಲಿ ಅಳೆಯಿರಿ ಎನ್ನುತ್ತಾರೆ. ನಮಗೆ ಅದು ಬೇಕಿಲ್ಲ, ಅಲ್ಲಿ ಮಾತನಾಡುವ ಅನುಮತಿಯೂ ಇಲ್ಲ.

27ರಲ್ಲಿ ಅಂಕ ಹೆಚ್ಚು, 1ರಲ್ಲಿ ಕಡಿಮೆ ಇದ್ದರೆ ಆಂಟೆನಾ ಉದ್ದವಾಗಿದೆ. ತುದಿಯ ತಿರುಪು ಸಡಿಲಿಸಿ ಕಡ್ಡಿಯನ್ನು ಕೆಲವೇ ಮಿಲಿಮೀಟರ್ ಒಳಗೆ ತಳ್ಳಿ. 1ರಲ್ಲಿ ಹೆಚ್ಚಿದ್ದರೆ ಗಿಡ್ಡವಾಗಿದೆ, ಹೊರಗೆ ಎಳೆಯಿರಿ. ಪ್ರತಿ ಸಲವೂ ಅಳೆಯಿರಿ. ಇದು ತಾಳ್ಮೆಯ ಕೆಲಸ, ಮತ್ತು ಇಡೀ ಅಳವಡಿಕೆಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಹೆಚ್ಚು ಫಲ ಕೊಡುವ ಕೆಲಸ ಬೇರೊಂದಿಲ್ಲ. ಮೂರೂ ಚಾನೆಲ್‌ಗಳಲ್ಲಿ 3ಕ್ಕಿಂತ ಮೇಲೆ ಬಂದರೆ ಉದ್ದದ ತಪ್ಪಲ್ಲ: ಬುಡಕ್ಕೆ ಲೋಹದ ಸಂಪರ್ಕ ಇಲ್ಲ, ಇಲ್ಲವೇ ಪ್ಲಗ್ಗಿನಲ್ಲಿ ಜಾಲರಿಯ ಒಂದೆಳೆ ನಡುವಿನ ತಂತಿಗೆ ತಾಗಿದೆ. ಅಳೆಯುವಾಗ ಮಕ್ಕಳು ಏಣಿ ಹತ್ತದಂತೆ ನೋಡಿಕೊಳ್ಳಿ; ಮಾತನಾಡುವ ಹೊತ್ತಿಗೆ ಆಂಟೆನಾ ಮುಟ್ಟಿದರೆ ಬೆರಳು ಸುಡಬಹುದು.

ಗೊರಗೊರ ಸದ್ದು ಎಲ್ಲಿಂದ

ಮೋಟಾರ್‌ಹೋಮ್ ವಿದ್ಯುತ್ ಉಪಕರಣಗಳ ಸಂತೆ. ಇನ್ವರ್ಟರ್, ಸೌರಫಲಕದ ನಿಯಂತ್ರಕ, ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಎಲ್ಲವೂ ರೇಡಿಯೊದಲ್ಲಿ ಸದ್ದು ಮಾಡಬಲ್ಲವು. ಇಂಜಿನ್ ನಿಲ್ಲಿಸಿ, ಎಲ್ಲವನ್ನೂ ಆರಿಸಿ, ಒಂದೊಂದಾಗಿ ಹಾಕುತ್ತಾ ಕೇಳಿ. ಕಳ್ಳ ಸಿಕ್ಕುತ್ತಾನೆ. ಅದರ ತಂತಿಗೆ ಫೆರೈಟ್ ಬಳೆ, ಅಂದರೆ ಇಂಥ ಸದ್ದನ್ನು ತಡೆಯುವ ಬಿಲ್ಲೆ, ಹಾಕಿ, ರೇಡಿಯೊದ ತಂತಿಗಳನ್ನು ಅದರಿಂದ ದೂರ ಸರಿಸಿ. ಇಂಜಿನ್ ವೇಗದೊಂದಿಗೆ ಏರಿಳಿಯುವ ಸಿಳ್ಳೆಯಾದರೆ ಅದು ಆಲ್ಟರ್ನೇಟರಿನದು. ರೇಡಿಯೊದ ಎರಡೂ ತಂತಿಗಳನ್ನು ನೇರ ಬ್ಯಾಟರಿಗೆ ಒಯ್ದರೆ ಬಹುಮಟ್ಟಿಗೆ ಅಡಗುತ್ತದೆ. ಸಿಗರೇಟ್ ಲೈಟರಿನ ಕಿಂಡಿಯಿಂದ ವಿದ್ಯುತ್ ತೆಗೆದವರಿಗೆ ಈ ಸಿಳ್ಳೆ ಹೆಚ್ಚು.

ದಾರಿಯಲ್ಲಿ

ಚಾಲಕರು ಮೈಕ್ ಹಿಡಿಯಬಾರದು. ಓಡಿಸುವಾಗ ಕೈಯಲ್ಲಿ ಹಿಡಿಯುವ ಸಂವಹನ ಸಾಧನ ಬಳಸುವುದನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಪಕ್ಕದಲ್ಲಿ ಕೂತವರಿಗೆ ಆ ಕೆಲಸ ಕೊಡಿ. ಹತ್ತು ವರ್ಷ ದಾಟಿದ ಮಕ್ಕಳು ಇದನ್ನು ದೊಡ್ಡವರಿಗಿಂತ ಅಚ್ಚುಕಟ್ಟಾಗಿ ಮಾಡುತ್ತಾರೆ. ಹೊರಡುವ ಮುನ್ನ ಒಂದು ಚಾನೆಲ್, ಅದು ಗದ್ದಲವಾದರೆ ಹೋಗಬೇಕಾದ ಇನ್ನೊಂದು ಚಾನೆಲ್, ಪ್ರತಿ ಗಾಡಿಗೊಂದು ಹೆಸರು ಗೊತ್ತುಮಾಡಿಕೊಳ್ಳಿ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಶುರುಮಾಡಿ, ಇಲ್ಲವಾದರೆ ಮೊದಲ ಪದ ನುಂಗಿಹೋಗಿ "ನಿಲ್ಲಿಸಬೇಡಿ" ಎಂದಿದ್ದು ಏನೆಂದೇ ತಿಳಿಯದೆ ಹೋಗುತ್ತದೆ.

ಘಟ್ಟದ ಮೇಲೆ ಗುಡುಗು ಮಿಂಚು ಶುರುವಾದರೆ ಗಾಡಿ ನಿಲ್ಲಿಸಿದ ಕಡೆ ಕೇಬಲನ್ನು ರೇಡಿಯೊದಿಂದ ಬಿಚ್ಚಿಡಿ. ಆಂಟೆನಾ ಮಡಚಬೇಕಾದ ಎತ್ತರ ಎಷ್ಟೆಂದು, ನೆಲದಿಂದ ಕಡ್ಡಿಯ ತುದಿಯವರೆಗೆ ಅಳೆದು, ಚಾಲಕರ ಕಣ್ಣಿಗೆ ಬೀಳುವಂತೆ ಗಾಜಿನ ಮೇಲ್ತುದಿಯಲ್ಲಿ ಬರೆದು ಅಂಟಿಸಿ. ಬಾಡಿಗೆಗೆ ಕೊಡುವವರು ಇದನ್ನು ಮರಾಠಿ, ಕನ್ನಡ ಎರಡರಲ್ಲೂ ಬರೆಸಿದರೆ ಇನ್ನೂ ಒಳ್ಳೆಯದು.